ಹಾವು ಉಪವಾಸ ಕುಳಿತಾಗ

ಮನೆಯ ನಾಯಿ ಒಂದು ಹೊತ್ತು ಅನ್ನಕ್ಕೆ ಮೂತಿ ತಿರುಗಿಸಿದರೆ ಮನೆಮಂದಿಗೆಲ್ಲ ಆತಂಕ. ಹಸು ಒಂದು ದಿನ ಮೇವು ಬಿಟ್ಟಿತೆಂದರೆ ವೈದ್ಯರಿಗೆ ಕರೆ ಹೋಗುತ್ತದೆ. ಹಾಲು ಕುಡಿಯದೆ ರಚ್ಚೆ ಹಿಡಿದ ಕೂಸಿಗೆ ಅಜ್ಜಿ ಉಪ್ಪು-ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾಳೆ. ಉಣ್ಣದ ಜೀವಕ್ಕೆ ಏನೋ ಕೇಡು ತಟ್ಟಿದೆಯೆಂಬುದು ಬೆಚ್ಚನೆಯ ನೆತ್ತರಿನ ಪ್ರಾಣಿಗಳೊಡನೆ ಬಾಳಿದ ಮನುಷ್ಯನ ಬಹುಕಾಲದ ಅನುಭವ. ಆ ಅನುಭವ ಸುಳ್ಳಲ್ಲ. ಆದರೆ ಅದೇ ಅಳತೆಗೋಲಿನಿಂದ ಹಾವನ್ನು ಅಳೆಯಹೊರಟರೆ ಲೆಕ್ಕ ತಪ್ಪುತ್ತದೆ. ಎಷ್ಟೋ ವೇಳೆ ಆ ತಪ್ಪು ಲೆಕ್ಕವೇ ಹಾವಿನ ಪ್ರಾಣಕ್ಕೆ ಮುಳುವಾಗುತ್ತದೆ.

ಹಾವನ್ನು ಸಾಕುವವರೂ ಉಂಟೆ ಎಂದು ವಾಚಕರು ಕೇಳಬಹುದು. ಉಂಟು. ಬೆಂಗಳೂರಿನಂಥ ನಗರಗಳಲ್ಲಿ ಪರದೇಶದ ಪುಟ್ಟ ಹೆಬ್ಬಾವುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಲಹುವ ಹವ್ಯಾಸ ಕೆಲವರಿಗೆ ಹತ್ತಿದೆ. ಇನ್ನು ಕೆಲವರು ಇದ್ದಾರೆ: ಹಿತ್ತಲಿನಲ್ಲೋ ಕಟ್ಟಡದ ಕೆಳಗಿನ ವಾಹನದ ತಾಣದಲ್ಲೋ ಕಂಡ ಹಾವಿನ ಮರಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟು, ಅದಕ್ಕೆ ಹಾಲು ಮೊಟ್ಟೆಗಳ ಉಪಚಾರ ಮಾಡಿ, ‘ಪಾಪ, ಏನೂ ತಿನ್ನುತ್ತಿಲ್ಲವಲ್ಲ’ ಎಂದು ಮರುಗುವವರು. ಈ ಇಬ್ಬರ ಪ್ರಶ್ನೆಯೂ ಒಂದೇ. ಇಬ್ಬರಿಗೂ ಸಲ್ಲುವ ಉತ್ತರ ಮಾತ್ರ ಬೇರೆ ಬೇರೆ. ಮೊದಲನೆಯವನು ಹಾವಿನ ಇರವನ್ನು ಸರಿಪಡಿಸಿ ತಾಳ್ಮೆಯಿಂದ ಕಾಯಬೇಕು. ಎರಡನೆಯವನು ಹಾವನ್ನೇ ಬಿಟ್ಟುಕೊಡಬೇಕು. ಏಕೆಂಬುದನ್ನು ತಿಳಿಯಲು ಹಾವಿನ ಹಸಿವಿನ ಬಗೆಯನ್ನು ಮೊದಲು ಅರಿಯಬೇಕಾಗುತ್ತದೆ.

ಹಸಿವಿನ ಲೆಕ್ಕಾಚಾರ

ಮನುಷ್ಯನು ಉಂಡ ಅನ್ನದ ಬಹುಪಾಲು ಅವನ ಮೈಯನ್ನು ಬೆಚ್ಚಗಿಡುವುದಕ್ಕೇ ವೆಚ್ಚವಾಗುತ್ತದೆ. ಹೊರಗೆ ಮಾಗಿಯ ಚಳಿಯಿರಲಿ, ಚೈತ್ರದ ಬಿಸಿಲಿರಲಿ, ಒಳಗಿನ ಒಲೆ ಆರುವಂತಿಲ್ಲ. ಆದುದರಿಂದ ಸೌದೆಯೂ ತಪ್ಪುವಂತಿಲ್ಲ. ಹಾವಿನಲ್ಲಿ ಇಂಥ ಒಲೆಯಿಲ್ಲ. ಅದು ಬಿಸಿಲಿನಿಂದ, ಕಾದ ಕಲ್ಲಿನಿಂದ, ಬೆಚ್ಚನೆಯ ನೆಲದಿಂದ ಶಾಖವನ್ನು ಕಡವಾಗಿ ಪಡೆಯುತ್ತದೆ. ಅಷ್ಟೇ ತೂಕದ ಸಸ್ತನಿಯೊಂದಕ್ಕೆ ಬೇಕಾಗುವ ಶಕ್ತಿಯಲ್ಲಿ ಸುಮಾರು ಹತ್ತನೆಯ ಒಂದು ಪಾಲು ದೊರೆತರೆ ವಿಶ್ರಾಂತಿಯಲ್ಲಿರುವ ಹಾವಿಗೆ ಸಾಕು. ದಿನಕ್ಕೆ ಎರಡು ಹೊತ್ತಿನ ಊಟವೆಂಬ ಮಾತು ಅದರ ನಿಘಂಟಿನಲ್ಲಿಲ್ಲ.

ಹಾವಿನ ಒಡಲಿಗೆ ಇನ್ನೂ ಒಂದು ಉಪಾಯ ಗೊತ್ತು. ಬೇಟೆ ಸಿಕ್ಕದ ದಿನಗಳಲ್ಲಿ ಹೆಬ್ಬಾವಿನ ಕರುಳು ಸೊರಗಿ ಕಿರಿದಾಗುತ್ತದೆ. ಕೆಲಸವಿಲ್ಲದ ಗಿರಣಿಗೆ ಬೀಗ ಹಾಕಿದಂತೆ. ಬೇಟೆ ನುಂಗಿದೊಡನೆ ಒಂದೆರಡು ದಿನಗಳಲ್ಲಿ ಕರುಳು, ಯಕೃತ್ತು, ಮೂತ್ರಪಿಂಡಗಳೆಲ್ಲ ಮತ್ತೆ ಹಿಗ್ಗುತ್ತವೆ. ಬರ್ಮಾದ ಹೆಬ್ಬಾವಿನಲ್ಲಿ ಊಟವಾದ ೪೮ ಗಂಟೆಗಳೊಳಗೆ ಹೃದಯದ ಸ್ನಾಯುವೇ ಶೇಕಡ ೪೦ರಷ್ಟು ಬೆಳೆಯುವುದೆಂದು ೨೦೦೫ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಒಂದು ಊಟವೆಂದರೆ ಹಾವಿಗೆ ಇಡೀ ಒಡಲನ್ನು ಹೊಸದಾಗಿ ಹೂಡಿಕೊಳ್ಳುವಷ್ಟು ದೊಡ್ಡ ಕಾರ್ಯ. ಮೈ ಸರಿಯಿಲ್ಲದಾಗ, ಶಾಖ ಸಾಲದಾಗ, ಮನಸ್ಸಿಗೆ ನೆಮ್ಮದಿಯಿಲ್ಲದಾಗ ಅದು ಈ ಕಾರ್ಯಕ್ಕೆ ಕೈಹಾಕುವುದಿಲ್ಲ.

ಎಷ್ಟು ಕಾಲ ಹೀಗೆ ಇರಬಲ್ಲದು? ಅಮೆರಿಕದ ಮಾರ್ಷಲ್ ಮಕ್ಯೂ ಎಂಬ ಪ್ರಾಣಿಶಾಸ್ತ್ರಜ್ಞರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವೊಂದುಂಟು. ಇಲಿಹಾವು, ಬಾಲ್ ಪೈಥಾನ್ ಮತ್ತು ಬುಡುಬುಡಿಕೆ ಹಾವು ಎಂಬ ಮೂರು ಬಗೆಯ ಹಾವುಗಳನ್ನು ಅವರು ಸುಮಾರು ಆರು ತಿಂಗಳ ಕಾಲ ನಿರಾಹಾರವಾಗಿಟ್ಟು ಪರೀಕ್ಷಿಸಿದರು. ಕೆಲವು ಹಾವುಗಳು ತಮ್ಮ ದೇಹದ ವೆಚ್ಚವನ್ನು ಶೇಕಡ ೭೨ರವರೆಗೆ ಇಳಿಸಿಕೊಂಡವು. ವಿಚಿತ್ರವೆಂದರೆ, ಆ ಉಪವಾಸದ ನಡುವೆಯೇ ಅವುಗಳ ಮೈಯುದ್ದ ಬೆಳೆದಿತ್ತು! ಒಂದು ವಾರ ಇಲಿಯನ್ನು ಮುಟ್ಟದ ಹಾವಿನ ಮುಂದೆ ಕುಳಿತು ಕಣ್ಣೀರಿಡುವವರು ಈ ಸಂಗತಿಯನ್ನು ನೆನೆಯಬೇಕು.

ಸಹಜವಾದ ಉಪವಾಸಗಳು

ಹಾವು ಆಹಾರ ಬಿಡುವ ಸಂದರ್ಭಗಳಲ್ಲಿ ಹಲವು ಕೇವಲ ಸಹಜವಾದವು. ಪೊರೆ ಕಳಚುವ ಕಾಲ ಅವುಗಳಲ್ಲಿ ಮೊದಲನೆಯದು. ಹಳೆಯ ಚರ್ಮಕ್ಕೂ ಒಳಗೆ ಮೂಡಿದ ಹೊಸ ಚರ್ಮಕ್ಕೂ ನಡುವೆ ದ್ರವ ತುಂಬಿಕೊಳ್ಳುತ್ತದೆ. ಮೈಬಣ್ಣ ಮಾಸುತ್ತದೆ, ಕಣ್ಣಿಗೆ ಮಂಜು ಕವಿದಂತೆ ನಸುನೀಲಿ ಬಿಳುಪು ಬರುತ್ತದೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲಿನ ಪಾರದರ್ಶಕ ಹೊದಿಕೆಯೂ ಪೊರೆಯೊಡನೆಯೇ ಕಳಚುವುದರಿಂದ ಆ ದಿನಗಳಲ್ಲಿ ದೃಷ್ಟಿ ಮಂದವಾಗುತ್ತದೆ. ಕಣ್ಣು ಕಾಣದವನು ಕಾಡಿನಲ್ಲಿ ಮೂಲೆ ಸೇರಿ ಕುಳಿತಂತೆ ಅದು ಒಂದೆರಡು ವಾರ ಅಡಗಿ ಕೂರುತ್ತದೆ. ಪೊರೆ ಬಿಟ್ಟ ಬಳಿಕ ಹಸಿವು ತಾನೇ ಮರಳುತ್ತದೆ.

ಸಂತಾನದ ಕಾಲ ಇನ್ನೊಂದು. ಹೆಣ್ಣನ್ನು ಅರಸುವ ಗಂಡಿಗೆ ಊಟದ ಪರಿವೆ ಇರುವುದಿಲ್ಲ. ಮೊಟ್ಟೆಯಿಟ್ಟ ಹೆಣ್ಣು ಹೆಬ್ಬಾವು ಸುಮಾರು ಎರಡು ತಿಂಗಳು ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ ಕುಳಿತು, ಸ್ನಾಯುಗಳನ್ನು ನಡುಗಿಸಿ ತನ್ನ ಮೈಯಲ್ಲಿ ಕಾವು ಹುಟ್ಟಿಸುತ್ತದೆ. ತಣ್ಣನೆಯ ನೆತ್ತರಿನ ಪ್ರಾಣಿ ಕಾವು ಕೊಡುತ್ತದೆಂಬ ಮಾತನ್ನು ಯೂರೋಪಿನ ಪಂಡಿತರು ಮೊದಲು ನಂಬಲಿಲ್ಲ. ೧೮೪೧ರಲ್ಲಿ ಪ್ಯಾರಿಸ್ಸಿನಲ್ಲಿ ವಲಾಂಸಿಯೆನ್ ಎಂಬ ಪ್ರಾಣಿಶಾಸ್ತ್ರಜ್ಞ ಉಷ್ಣಮಾಪಕವಿಟ್ಟು ಅಳೆದ ಮೇಲೆ ಒಪ್ಪಬೇಕಾಯಿತು. ಈ ತಾಯಿಯ ವ್ರತಕ್ಕೆ ಭಂಗ ತರಲು ಯಾವ ಭಕ್ಷ್ಯಕ್ಕೂ ಸಾಧ್ಯವಿಲ್ಲ. ಒಣಗಿದೆಲೆಗಳನ್ನು ಗುಡ್ಡೆ ಹಾಕಿ ಗೂಡು ಕಟ್ಟುವ ಕಾಳಿಂಗ ಸರ್ಪವೂ ಹೀಗೆಯೇ ಕಾವಲು ಕೂರುತ್ತದೆ.

ಆಗತಾನೆ ಮೊಟ್ಟೆಯೊಡೆದು ಬಂದ ಮರಿಯ ಕಥೆ ಮತ್ತೊಂದು. ಅದರ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಸಾರ ಇನ್ನೂ ಉಳಿದಿರುತ್ತದೆ. ತಾಯಿ ಕಟ್ಟಿಕೊಟ್ಟ ಈ ಬುತ್ತಿ ಮುಗಿದು, ಮೊದಲ ಪೊರೆ ಕಳಚುವ ತನಕ ಅದಕ್ಕೆ ಬೇಟೆಯ ಯೋಚನೆಯೇ ಬಾರದು. ಮುಂಗಾರಿನ ಮೊದಲ ತಿಂಗಳುಗಳಲ್ಲಿ ಬೆಂಗಳೂರಿನ ಮನೆಗಳಲ್ಲಿ ಕಂಡು, ಡಬ್ಬಿಯಲ್ಲಿ ಸೆರೆಯಾಗಿ, ‘ತಿನ್ನುತ್ತಿಲ್ಲ’ವೆಂದು ಜನ ಕನಿಕರಿಸುವ ಮರಿಗಳಲ್ಲಿ ಎಷ್ಟೋ ಈ ಬಗೆಯವು.

ಆಫ್ರಿಕದ ಅತಿಥಿ, ಬೆಂಗಳೂರಿನ ಚಳಿ

ಇನ್ನು ಸಾಕಿದ ಹಾವಿನ ಮಾತು. ಪ್ರಪಂಚದಲ್ಲಿ ಅತಿ ಹೆಚ್ಚಾಗಿ ಸಾಕಲ್ಪಡುವ ಹಾವುಗಳಲ್ಲಿ ಬಾಲ್ ಪೈಥಾನ್ ಒಂದು. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾಡಿನಲ್ಲಿ, ಇಲಿಗಳ ಬಿಲದಲ್ಲಿ ಅಡಗಿ ಬಾಳುವ ಪುಟ್ಟ ಹೆಬ್ಬಾವು ಇದು. ಹೆದರಿದೊಡನೆ ತಲೆಯನ್ನು ಒಳಗೆ ಹುದುಗಿಸಿ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಈ ಹೆಸರು ಬಂದಿತು. ಸಾಧು ಸ್ವಭಾವಕ್ಕೆ ಎಷ್ಟು ಪ್ರಸಿದ್ಧವೋ ಊಟ ಬಿಡುವ ಹಠಕ್ಕೂ ಇದು ಅಷ್ಟೇ ಪ್ರಸಿದ್ಧ. ಆರೋಗ್ಯವಾಗಿರುವ ಬೆಳೆದ ಬಾಲ್ ಪೈಥಾನ್ ವರ್ಷದಲ್ಲಿ ಕೆಲವು ತಿಂಗಳು ಉಪವಾಸವಿರುವುದು ಅಪರೂಪವಲ್ಲ.

ಆದರೆ ಬೆಂಗಳೂರಿನಲ್ಲಿ ಅದರ ಉಪವಾಸಕ್ಕೆ ಇನ್ನೊಂದು ಸರಳ ಕಾರಣವನ್ನು ಮೊದಲು ಸಂಶಯಿಸಬೇಕು. ಅದು ಚಳಿ. ಈ ಹಾವಿನ ಪೆಟ್ಟಿಗೆಯ ಒಂದು ಬದಿ ಸೆಂಟಿಗ್ರೇಡಿನ ೩೧ರಿಂದ ೩೩ ಡಿಗ್ರಿಯಷ್ಟು ಬೆಚ್ಚಗೂ, ಇನ್ನೊಂದು ಬದಿ ೨೫ರಿಂದ ೨೭ ಡಿಗ್ರಿಯಷ್ಟು ತಂಪಾಗಿಯೂ ಇರಬೇಕು. ಬೇಕೆನಿಸಿದ ಕಡೆಗೆ ಅದು ಹರಿದಾಡುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ತಿಂಗಳುಗಳ ರಾತ್ರಿ ಉಷ್ಣತೆ ೧೫-೧೬ ಡಿಗ್ರಿಗೆ ಇಳಿಯುವುದು ವಾಡಿಕೆ. ಬಸವೇಶ್ವರನಗರದ ಮೂರನೆಯ ಮಹಡಿಯ ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ ಯಜಮಾನನಿಗೆ ಆ ಹವೆ ಹಿತವಾಗಿಯೇ ಇರಬಹುದು; ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿರುವ ಆಫ್ರಿಕದ ಅತಿಥಿಗೆ ಅದು ಜೀರ್ಣಶಕ್ತಿಯನ್ನೇ ಕಟ್ಟಿಹಾಕುವ ಶೀತ. ಶಾಖವಿಲ್ಲದೆ ನುಂಗಿದ ಇಲಿ ಹೊಟ್ಟೆಯಲ್ಲಿ ಕರಗುವ ಬದಲು ಕೊಳೆಯುತ್ತದೆ. ಹಾವು ಅದನ್ನು ಕಕ್ಕುತ್ತದೆ, ಕೆಲವು ವೇಳೆ ಸಾಯುತ್ತದೆ. ಚಳಿಯಲ್ಲಿ ಊಟ ಬಿಡುವ ಹಾವು ತನ್ನ ಪ್ರಾಣವನ್ನೇ ಕಾಪಾಡಿಕೊಳ್ಳುತ್ತಿರುತ್ತದೆ.

ನೆಮ್ಮದಿಯ ಪ್ರಶ್ನೆಯೂ ಇದೆ. ಬಿಲವಾಸಿಯಾದ ಜೀವಿಯನ್ನು ನಾಲ್ಕು ಕಡೆಯೂ ಗಾಜಿರುವ ಪೆಟ್ಟಿಗೆಯಲ್ಲಿಟ್ಟು, ಬಂದ ನೆಂಟರಿಗೆಲ್ಲ ಕೈಗೆತ್ತಿ ತೋರಿಸುತ್ತಿದ್ದರೆ ಅದು ಉಣ್ಣುವುದೆಂತು? ಮದುವೆಮನೆಯ ನಡುಚಪ್ಪರದಲ್ಲಿ ಒಬ್ಬನನ್ನೇ ಕೂರಿಸಿ, ನೂರು ಜನ ಸುತ್ತ ನಿಂತು ನೋಡುತ್ತಿರುವಾಗ ಉಣ್ಣೆಂದರೆ ಯಾರಿಗೆ ಗಂಟಲಲ್ಲಿ ತುತ್ತಿಳಿದೀತು! ಮೈಗೆ ತಾಗುವಷ್ಟು ಇಕ್ಕಟ್ಟಾದ, ಕತ್ತಲೆಯ ಗೂಡೊಂದು ಪೆಟ್ಟಿಗೆಯ ಬೆಚ್ಚನೆಯ ಬದಿಯಲ್ಲೂ ತಂಪು ಬದಿಯಲ್ಲೂ ಇರಲೇಬೇಕು. ಹೊಸದಾಗಿ ಮನೆಗೆ ಬಂದ ಹಾವನ್ನು ಒಂದು ವಾರ ಮುಟ್ಟಲೂ ಕೂಡದು.

ಇಲ್ಲಿ ಕಾನೂನಿನ ಮಾತನ್ನು ಮರೆಯುವಂತಿಲ್ಲ. ಬಾಲ್ ಪೈಥಾನಿನಂಥ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗಳಲ್ಲಿರುವ ಪರದೇಶದ ಪ್ರಾಣಿಗಳನ್ನು ಇಟ್ಟುಕೊಂಡವರು ಅವುಗಳನ್ನು ಸರಕಾರಕ್ಕೆ ವರದಿಮಾಡಿ ನೋಂದಾಯಿಸಬೇಕೆಂದು ವನ್ಯಜೀವಿ ಸಂರಕ್ಷಣಾ ಕಾಯಿದೆಯ ೨೦೨೨ರ ತಿದ್ದುಪಡಿ ಮತ್ತು ೨೦೨೪ರ ನಿಯಮಗಳು ವಿಧಿಸಿವೆ. ಕಳ್ಳದಾರಿಯ ವ್ಯಾಪಾರವಂತೂ ನಿಂತಿಲ್ಲ. ೨೦೨೪ರ ಏಪ್ರಿಲಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕನೊಬ್ಬನ ಪೆಟ್ಟಿಗೆಯಲ್ಲಿ ಹತ್ತು ಹಳದಿ ಅನಕೊಂಡಗಳು ಸುಂಕದ ಅಧಿಕಾರಿಗಳಿಗೆ ಸಿಕ್ಕವು. ಹೀಗೆ ಬಟ್ಟೆಬರೆಗಳ ನಡುವೆ ಉಸಿರುಗಟ್ಟಿ, ನೀರಿಲ್ಲದೆ, ಸಮುದ್ರ ದಾಟಿ ಬಂದ ಹಾವು ಹೊಸ ಮನೆಯಲ್ಲಿ ಆಹಾರ ಮುಟ್ಟದಿದ್ದರೆ ಆಶ್ಚರ್ಯವೇನು? ಅದರ ಉಪವಾಸ ಆರಂಭವಾದದ್ದು ಕೊಂಡವನ ಮನೆಯಲ್ಲಲ್ಲ, ಮಾರಿದವನ ಕೈಯಲ್ಲಿ.

ಹಾವಿಗೂ ಒಂದು ರುಚಿ

‘ಹಾವೆಂದ ಮೇಲೆ ಇಲಿ ತಿನ್ನಲೇಬೇಕು’ ಎಂಬುದು ಇನ್ನೊಂದು ತಪ್ಪು ನಂಬಿಕೆ. ಕೇರೆಹಾವು ಇಲಿ, ಕಪ್ಪೆಗಳನ್ನು ತಿನ್ನುತ್ತದೆ, ಸರಿ. ಆದರೆ ಕೆರೆಯಂಚಿನ ನೀರುಹಾವಿಗೆ ಮೀನು ಕಪ್ಪೆಗಳೇ ಬೇಕು. ಮರದ ಹಸಿರುಹಾವಿಗೆ ಓತಿಕ್ಯಾತ, ಹಲ್ಲಿ, ಕಪ್ಪೆಗಳಾಗಬೇಕು. ಮನೆಯ ಗೋಡೆಯ ಸಂದಿಯಲ್ಲಿ ಸುಳಿಯುವ ತೋಳಹಾವು ಬರುವುದು ಹಲ್ಲಿಗಾಗಿ. ಕಟ್ಟುಹಾವು ಇತರ ಹಾವುಗಳನ್ನೇ ಹಿಡಿದು ತಿನ್ನುತ್ತದೆ. ಹೂಕುಂಡದ ಮಣ್ಣಿನಲ್ಲಿ ಎರೆಹುಳುವಿನಂತೆ ಹೊರಳುವ ಕುರುಡುಹಾವಿಗೆ ಇರುವೆ, ಗೆದ್ದಲುಗಳ ಮೊಟ್ಟೆ ಮರಿಗಳೇ ಮೃಷ್ಟಾನ್ನ. ಇವುಗಳಲ್ಲಿ ಯಾವುದರ ಮುಂದೆಯೂ ಹಸಿಮಾಂಸದ ತುಂಡನ್ನೋ ಬೇಯಿಸಿದ ಮೊಟ್ಟೆಯನ್ನೋ ಇಟ್ಟರೆ ಅದು ಆಹಾರವೆಂದೇ ಅದಕ್ಕೆ ತೋರುವುದಿಲ್ಲ. ಹಾವು ನಾಲಗೆಯಿಂದ ಗಾಳಿಯ ಕಣಗಳನ್ನು ಹೆಕ್ಕಿ, ಬಾಯಿಯ ಮೇಲ್ಭಾಗದಲ್ಲಿರುವ ವಿಶೇಷ ಇಂದ್ರಿಯದಿಂದ ವಾಸನೆ ಹಿಡಿಯುವ ಪ್ರಾಣಿ. ತನ್ನ ಬೇಟೆಯ ವಾಸನೆ ಬಾರದ ವಸ್ತು ಅದಕ್ಕೆ ಕಲ್ಲಿಗೆ ಸಮ.

ಪಶ್ಚಿಮಘಟ್ಟದ ಕಾಳಿಂಗ ಸರ್ಪ ಇದಕ್ಕೆ ಉತ್ತಮ ನಿದರ್ಶನ. ಅದು ಮುಖ್ಯವಾಗಿ ಹಾವುಗಳನ್ನೇ ತಿಂದು ಬದುಕುವ ಹಾವು. ಒಂದೇ ಎಂದು ಭಾವಿಸಲಾಗಿದ್ದ ಈ ಜಾತಿಯನ್ನು ೨೦೨೪ರಲ್ಲಿ ವಿಜ್ಞಾನಿಗಳು ನಾಲ್ಕಾಗಿ ವಿಂಗಡಿಸಿದಾಗ, ನಮ್ಮ ಘಟ್ಟದ ಜಾತಿಗೆ ಕನ್ನಡದ ‘ಕಾಳಿಂಗ’ವೆಂಬ ಹೆಸರನ್ನೇ ಶಾಸ್ತ್ರೀಯವಾಗಿ ಇಟ್ಟರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಮಂಗಳೂರಿನ ಬಳಿಯ ಪಿಲಿಕುಳದ ಜೈವಿಕ ಉದ್ಯಾನದಲ್ಲಿ ಕಾಳಿಂಗದ ಮರಿಗಳನ್ನು ಸೆರೆಯಲ್ಲಿ ಹುಟ್ಟಿಸಿದ್ದುಂಟು. ಸರ್ಪಾಹಾರಿಯಾದ ಇಂಥ ಪ್ರಾಣಿಯ ಮರಿಗಳಿಗೆ ದಿನದಿನದ ಗ್ರಾಸ ಒದಗಿಸುವುದು ಅನುಭವವುಳ್ಳ ಸಂಸ್ಥೆಗಳಿಗೂ ಹಗುರವಾದ ಕೆಲಸವಲ್ಲ. ಹಾಗಿರುವಾಗ ಮನೆಯ ಡಬ್ಬಿಯಲ್ಲಿ ಹಾವನ್ನಿಟ್ಟವನು ಅದರ ಕುಲವನ್ನು ಗುರುತಿಸಿ, ರುಚಿಯನ್ನು ಅರಿತು, ತಕ್ಕ ಬೇಟೆಯನ್ನು ತಂದಾನೆಯೆ?

ಹಾಲಿನ ಬಟ್ಟಲು

ಉಣ್ಣದ ಹಾವಿಗೆ ನಮ್ಮ ಜನ ಮೊದಲು ಹಿಡಿಯುವುದು ಹಾಲಿನ ಬಟ್ಟಲನ್ನು. ನಾಗರಪಂಚಮಿಯ ದಿನ ಹುತ್ತಕ್ಕೆ ತನಿ ಎರೆಯುವ ಪದ್ಧತಿ ಕನ್ನಡನಾಡಿನಲ್ಲಿ ಬಹು ಹಳೆಯದು. ಅಶ್ವತ್ಥದ ಕಟ್ಟೆಯ ನಾಗರಕಲ್ಲಿಗೆ ಹಾಲೆರೆದರೆ ಕಲ್ಲಿಗೆ ಕೇಡಿಲ್ಲ. ಎರೆದವರ ಭಕ್ತಿಗೂ ಊನವಿಲ್ಲ. ಆದರೆ ಜೀವಂತ ಹಾವಿಗೆ ಹಾಲು ಕುಡಿಸುವುದು ಬೇರೆಯೇ ಮಾತು. ಹಾಲು ಸಸ್ತನಿಗಳು ತಮ್ಮ ಮರಿಗಳಿಗಾಗಿ ಮಾಡಿಕೊಂಡ ಆಹಾರ. ಹಾವಿನ ವಂಶದಲ್ಲಿ ಮೊಲೆಯುಂಡವರು ಯಾರೂ ಇಲ್ಲ. ಹಾಲನ್ನು ಅರಗಿಸಿಕೊಳ್ಳುವ ಸಾಮಗ್ರಿ ಅದರ ಕರುಳಿನಲ್ಲಿಲ್ಲ.

ಹಾಗಾದರೆ ಹಾವಾಡಿಗನ ಬುಟ್ಟಿಯ ನಾಗರ ಹಾಲು ಕುಡಿದುದನ್ನು ಕಣ್ಣಾರೆ ಕಂಡಿದ್ದೇವಲ್ಲ ಎಂದು ಹಿರಿಯರು ಕೇಳುವುದುಂಟು. ಅವರು ಕಂಡದ್ದು ನಿಜ. ಆದರೆ ಆ ಹಾವು ಹಲವು ದಿನ ನೀರಿನ ಹನಿಯನ್ನೂ ಕಾಣದೆ ಬುಟ್ಟಿಯಲ್ಲಿ ಒಣಗಿದ್ದ ಹಾವು. ಬಾಯಾರಿಕೆಯಿಂದ ಸಾಯುತ್ತಿರುವ ಪ್ರಾಣಿ ಮುಂದಿಟ್ಟ ಯಾವ ದ್ರವಕ್ಕಾದರೂ ಬಾಯಿ ಹಾಕುತ್ತದೆ. ಅದು ಹಾಲನ್ನು ಬಯಸಲಿಲ್ಲ, ನೀರನ್ನು ಬಯಸಿತು. ಹಬ್ಬಕ್ಕಾಗಿ ಹಿಡಿದ ಇಂಥ ಹಾವುಗಳ ವಿಷದ ಹಲ್ಲನ್ನು ಕಿತ್ತು, ಕೆಲವಕ್ಕೆ ತುಟಿಯನ್ನೇ ಹೊಲಿದಿರುತ್ತಿದ್ದರು. ಹುಣ್ಣಾಗಿ ಕೀವು ತುಂಬಿದ ಆ ಬಾಯಿಗೆ ಹಾಲು ಹೊಯ್ದಾಗ ಅದು ಶ್ವಾಸನಾಳಕ್ಕೆ ಇಳಿದು ಶ್ವಾಸಕೋಶವನ್ನು ಕೊಳೆಯಿಸುತ್ತದೆ. ಹಾವಿನ ಶ್ವಾಸನಾಳದ ಬಾಯಿ ನಾಲಗೆಯ ಬಳಿಯಲ್ಲೇ, ಬಾಯಿಯ ತಳದಲ್ಲೇ ತೆರೆದುಕೊಂಡಿರುವುದರಿಂದ ಬಲವಂತವಾಗಿ ಹೊಯ್ದ ಯಾವ ದ್ರವವೂ ಅಪಾಯಕಾರಿಯೇ. ಹಬ್ಬದ ಮರುವಾರ ಹೀಗೆ ಎಷ್ಟು ಹಾವುಗಳು ‘ಆಹಾರ ಬಿಟ್ಟು’ ಸತ್ತವೋ ಲೆಕ್ಕವಿಟ್ಟವರಿಲ್ಲ.

ಡಬ್ಬಿಯೊಳಗಿನ ಸೆರೆ

ಬೆಂಗಳೂರಿನ ಪಶ್ಚಿಮ ಭಾಗದ ನೆಲ ಹಾವುಗಳಿಗೆ ಹೊಸದಲ್ಲ. ಕಳೆದ ಶತಮಾನದ ನಡುವಿನಲ್ಲಿ ರಾಜಾಜಿನಗರ ತಲೆಯೆತ್ತಿತು. ಆಮೇಲೆ ವಿಜಯನಗರ, ಬಸವೇಶ್ವರನಗರಗಳು ಬೆಳೆದವು. ಬಡಾವಣೆಗಳ ಸಾಲು ಕೆಂಗೇರಿಯನ್ನು ದಾಟಿ ಹೋಯಿತು. ಹೊಲಗಳು ನಿವೇಶನಗಳಾದವು, ಹುತ್ತಗಳು ಮಟ್ಟವಾದವು. ಆದರೆ ವೃಷಭಾವತಿಯ ದಂಡೆ, ರಾಜಕಾಲುವೆಗಳ ಕಲ್ಲುಸಂದಿ, ಕೆರೆಯಂಗಳಗಳು, ಜ್ಞಾನಭಾರತಿಯ ಪೊದೆಗಾಡು, ತುರಹಳ್ಳಿಯ ಕುರುಚಲು ಕಾಡು ಇವೆಲ್ಲ ಉಳಿದಿವೆ. ಬೀದಿಯ ಕಸದ ರಾಶಿ ಇಲಿ ಹೆಗ್ಗಣಗಳನ್ನು ಸಾಕುತ್ತದೆ. ಇಲಿ ಹೆಗ್ಗಣಗಳು ಹಾವನ್ನು ಕರೆತರುತ್ತವೆ. ಕೇರೆ, ನಾಗರ, ಕೊಳಕುಮಂಡಲಗಳು ಈ ನಗರವನ್ನು ಬಿಟ್ಟುಹೋಗಿಲ್ಲ.

ಮಳೆಗಾಲದಲ್ಲಿ ಮನೆಯೊಳಗೆ ಬಂದ ಮರಿಯನ್ನು ಕೊಲ್ಲದೆ ಬಿಡುವ ಸಜ್ಜನರು ಈಗ ಹೆಚ್ಚಾಗಿದ್ದಾರೆಂಬುದು ಸಂತೋಷದ ವಿಷಯ. ಆದರೆ ಕೊಲ್ಲದೆ ಬಿಟ್ಟವರಲ್ಲಿ ಕೆಲವರು ಅದನ್ನು ಇಟ್ಟುಕೊಳ್ಳುತ್ತಾರೆ. ಹುಡುಗರು ಕುತೂಹಲದಿಂದ ಇಟ್ಟುಕೊಳ್ಳಬಹುದು. ‘ಸ್ವಲ್ಪ ದೊಡ್ಡದಾಗಲಿ, ಆಮೇಲೆ ಬಿಡೋಣ’ ಎಂದು ದೊಡ್ಡವರೂ ಇಟ್ಟುಕೊಳ್ಳಬಹುದು. ಮನೆಗೆ ಐಶ್ವರ್ಯ ತರುತ್ತದೆಂಬ ಮೂಢನಂಬಿಕೆಯಿಂದ ಎರಡುತಲೆ ಹಾವನ್ನು ಅಡಗಿಸಿಟ್ಟು, ಮಾರಹೊರಟು, ಪೋಲೀಸರ ಕೈಗೆ ಸಿಕ್ಕವರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಮೊಂಡಾದ ಬಾಲವನ್ನೇ ಎರಡನೆಯ ತಲೆಯೆಂದು ನಂಬಿದವರ ಕೈಯಲ್ಲಿ ಆ ಬಡಪ್ರಾಣಿ ಹಸಿದು ಸಾಯುತ್ತದೆ.

ಕಾಡಿನಿಂದಲೋ ಕಾಲುವೆಯಿಂದಲೋ ಹಿಡಿದು ತಂದ ಬೆಳೆದ ಹಾವು ಸೆರೆಯಲ್ಲಿ ಊಟ ಬಿಡುವುದಕ್ಕೆ ರೋಗವೇ ಕಾರಣವಾಗಬೇಕಿಲ್ಲ. ಮುಚ್ಚಳದ ಸದ್ದು, ಮನುಷ್ಯರ ವಾಸನೆ, ನೆಲದ ಅದುರು, ಅಡಗಲು ತಾಣವಿಲ್ಲದ ಬೆಳಕು, ಇವೆಲ್ಲ ಅದಕ್ಕೆ ಶತ್ರುವಿನ ಸನ್ನಿಧಿಯ ಸೂಚನೆಗಳು. ನುಂಗಿದ ಹಾವು ಓಡಲಾರದು. ಆದುದರಿಂದ ಅಪಾಯದ ನಡುವೆ ನುಂಗಬಾರದೆಂಬುದು ಅದರ ಕುಲದ ಬುದ್ಧಿ. ಡಬ್ಬಿಯಲ್ಲಿ ಒಳ್ಳೆಯ ಇಲಿಯನ್ನೇ ಇಟ್ಟರೂ ಅದು ಮುಟ್ಟುವುದಿಲ್ಲ. ಜೀವಂತ ಇಲಿಯಾದರಂತೂ ವಿಷಯ ತಿರುಗುಮುರುಗಾಗುತ್ತದೆ: ಉಣ್ಣಲೊಲ್ಲದ ಹಾವಿನ ಬೆನ್ನನ್ನು ಇಲಿಯೇ ಕಡಿದು ತಿಂದುಬಿಡುವುದುಂಟು.

ಇಂಥವರು ಮಾಡಬೇಕಾದುದು ಇಷ್ಟೆ. ಹಾವಿಗೆ ಏನನ್ನೂ ತಿನ್ನಿಸಬಾರದು, ಕುಡಿಸಬಾರದು. ಬರಿಗೈಯಿಂದ ಮುಟ್ಟಬಾರದು, ಗೇಣುದ್ದದ ನಾಗರಮರಿಗೂ ಹುಟ್ಟಿದಂದಿನಿಂದಲೇ ವಿಷವುಂಟು. ಮಕ್ಕಳನ್ನೂ ನಾಯಿಯನ್ನೂ ದೂರವಿಟ್ಟು, ಡಬ್ಬಿ ಬಿಸಿಲಿನಲ್ಲಿದ್ದರೆ ನೆರಳಿಗೆ ಸರಿಸಿ, ಬಲ್ಲವರಿಗೆ ಕೂಡಲೇ ತಿಳಿಸಬೇಕು. ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿಯ ಸಂಖ್ಯೆ ೧೯೨೬. ಕೆಂಗೇರಿ-ಉತ್ತರಹಳ್ಳಿ ರಸ್ತೆಯಲ್ಲಿ ‘ಪೀಪಲ್ ಫಾರ್ ಅನಿಮಲ್ಸ್’ ಸಂಸ್ಥೆ ೧೯೯೬ರಿಂದ ನಡೆಸಿಕೊಂಡು ಬಂದಿರುವ ವನ್ಯಜೀವಿ ಆಸ್ಪತ್ರೆಯಿದೆ. ನಗರದಲ್ಲಿ ಗಾಯಗೊಂಡ, ದಿಕ್ಕುತಪ್ಪಿದ ಹಕ್ಕಿ, ಹಾವು, ಮೃಗಗಳಿಗೆ ಚಿಕಿತ್ಸೆ ಮಾಡಿ ಮರಳಿ ಬಿಡುವುದೇ ಅದರ ಕಾಯಕ. ಗಾಯವಿಲ್ಲದ ಹಾವಿಗೆ ಎಲ್ಲಕ್ಕಿಂತ ದೊಡ್ಡ ಔಷಧ ಬಿಡುಗಡೆ. ಅದೂ ತಾನು ಬಲ್ಲ ನೆಲದ ಸಮೀಪದಲ್ಲೇ. ಗೊತ್ತಿಲ್ಲದ ದೂರದ ಕಾಡಿಗೆ ಒಯ್ದು ಬಿಟ್ಟ ಹಾವುಗಳು ನೆಲೆ ಕಾಣದೆ ಅಲೆದಾಡುವುದನ್ನು ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಳಿಂಗಗಳಿಗೆ ರೇಡಿಯೋ ಯಂತ್ರ ಅಳವಡಿಸಿ ಕಂಡುಕೊಂಡಿದ್ದಾರೆ.

ಕಾನೂನಿನ ದೃಷ್ಟಿಯಿಂದಲೂ ಬೇರೆ ದಾರಿಯಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿರುವ ನಮ್ಮ ನಾಡಿನ ಹಾವುಗಳನ್ನು ಹಿಡಿದಿಟ್ಟುಕೊಳ್ಳುವುದು ಅಪರಾಧ. ನಮ್ಮ ಹೆಬ್ಬಾವು ಆ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಹಿಡಿದಿಟ್ಟ ತಪ್ಪಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸವಾಗಬಹುದು. ‘ಪ್ರೀತಿಯಿಂದ ಸಾಕಿದೆ’ ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ಸಾಕಿದವರು ಏನು ಮಾಡಬೇಕು?

ಕಾನೂನಿಗೆ ಅನುಗುಣವಾಗಿ ಪರದೇಶದ ಹಾವನ್ನು ಸಾಕಿದವನು ಅದು ಆಹಾರ ಬಿಟ್ಟಾಗ ಕ್ರಮವಾಗಿ ವಿಚಾರಿಸಬೇಕು. ಮೊದಲು ಉಷ್ಣತೆ: ಕೈಯಿಂದ ಮುಟ್ಟಿ ಅಂದಾಜು ಮಾಡದೆ, ಉಷ್ಣಮಾಪಕವಿಟ್ಟು ಪೆಟ್ಟಿಗೆಯ ಎರಡು ಬದಿಗಳಲ್ಲೂ, ಹಗಲಲ್ಲೂ ಇರುಳಲ್ಲೂ ನೋಡಬೇಕು. ವಿದ್ಯುತ್ತಿನ ಶಾಖದ ಹಾಸು ಇಟ್ಟಿದ್ದರೆ ಅದು ಮಿತಿಮೀರದಂತೆ ನಿಯಂತ್ರಕವನ್ನು ಜೋಡಿಸಬೇಕು; ಇಲ್ಲವಾದರೆ ಹಾವಿನ ಹೊಟ್ಟೆ ಸುಡುತ್ತದೆ. ಎರಡನೆಯದು ಅಡಗುತಾಣ. ಮೂರನೆಯದು ನೀರು ಮತ್ತು ತೇವ: ಮೈ ಮುಳುಗುವಷ್ಟು ಅಗಲದ ಬಟ್ಟಲಿನಲ್ಲಿ ಸದಾ ಶುದ್ಧವಾದ ನೀರಿರಬೇಕು. ನಾಲ್ಕನೆಯದು ಪೊರೆಯ ಸೂಚನೆ: ಕಣ್ಣು ಮಂಜಾಗಿದ್ದರೆ ಆಹಾರವನ್ನೇ ತೋರಿಸದೆ ಕಾಯಬೇಕು.

ಇವೆಲ್ಲ ಸರಿಯಿದ್ದರೆ ಬೇಟೆಯನ್ನು ನೀಡುವ ಬಗೆಯನ್ನು ತಿದ್ದಿಕೊಳ್ಳಬೇಕು. ಹಾವಿನ ಮೈಯ ಅತಿ ದಪ್ಪನೆಯ ಭಾಗಕ್ಕಿಂತ ದಪ್ಪವಾದ ಇಲಿ ಬೇಡ. ಶೀತಪೆಟ್ಟಿಗೆಯಿಂದ ತೆಗೆದ ಸತ್ತ ಇಲಿಯನ್ನು ಪೂರ್ತಿ ಕರಗಿಸಿ, ಬಿಸಿನೀರಿನ ಶಾಖದಲ್ಲಿ ಬೆಚ್ಚಗೆ ಮಾಡಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಮುಸ್ಸಂಜೆಯ ಮೇಲೆ ನೀಡಬೇಕು. ಹೆಬ್ಬಾವಿನ ತುಟಿಯಂಚಿನ ಕುಳಿಗಳು ಶಾಖವನ್ನು ಗ್ರಹಿಸುವ ಇಂದ್ರಿಯಗಳು. ತಣ್ಣನೆಯ ಇಲಿ ಅದಕ್ಕೆ ಇಲಿಯೇ ಅಲ್ಲ. ಮುಟ್ಟದಿದ್ದರೆ ಕೆಲವು ಗಂಟೆಗಳ ನಂತರ ತೆಗೆದುಬಿಟ್ಟು, ಒಂದು ವಾರ ಹತ್ತು ದಿನ ತಡೆದು ಮತ್ತೆ ಯತ್ನಿಸಬೇಕು. ದಿನದಿನವೂ ಪೀಡಿಸಿದಷ್ಟೂ ಹಠ ಹೆಚ್ಚುತ್ತದೆ. ಉಂಡ ಬಳಿಕ ಎರಡು ದಿನ ಕೈಗೆತ್ತಿಕೊಳ್ಳಬಾರದು, ಎತ್ತಿದರೆ ಕಕ್ಕುವುದುಂಟು.

ಕಾಯುವುದೆಂದರೆ ಕಣ್ಮುಚ್ಚಿ ಕೂರುವುದಲ್ಲ. ವಾರಕ್ಕೊಮ್ಮೆ ಹಾವನ್ನು ತೂಗಿ ಬರೆದಿಡಬೇಕು. ಬೆಳೆದ ಹಾವು ತನ್ನ ತೂಕವನ್ನು ಉಳಿಸಿಕೊಂಡಿರುವ ತನಕ ಚಿಂತೆಯಿಲ್ಲ. ತೂಕದಲ್ಲಿ ಹತ್ತನೆಯ ಒಂದು ಪಾಲು ಇಳಿದರೆ, ಬೆನ್ನುಮೂಳೆ ಏಣಿನಂತೆ ಎದ್ದು ಕಂಡರೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಅದರಲ್ಲೂ ಉರಗಗಳ ಅನುಭವವುಳ್ಳವರ ಬಳಿಗೆ. ಬಾಯಿ ತೆರೆದು ಉಸಿರಾಡುವುದು, ಉಸಿರಿನಲ್ಲಿ ಸಿಳ್ಳು, ಮೂಗಿನಲ್ಲಿ ಲೋಳೆ, ವಸಡಿನಲ್ಲಿ ಕೆಂಪು ಅಥವಾ ಕೀವು, ಹುರುಪೆಗಳ ಸಂದಿಯಲ್ಲಿ ಉಣ್ಣೆ, ನುಂಗಿದ್ದನ್ನು ಕಕ್ಕುವುದು, ದುರ್ವಾಸನೆಯ ಮಲ, ಈ ಲಕ್ಷಣಗಳಲ್ಲಿ ಯಾವುದು ಕಂಡರೂ ತೂಕ ಇಳಿಯುವ ತನಕ ಕಾಯಕೂಡದು. ಶ್ವಾಸಕೋಶದ ಸೋಂಕು, ಬಾಯಿಹುಣ್ಣು, ಹೊಟ್ಟೆಯ ಜಂತುಗಳಿಂದಲೂ ಹಾವು ಆಹಾರ ಬಿಡುತ್ತದೆ. ಅವಕ್ಕೆ ಮದ್ದು ಬೇಕು. ಮರಿಗಳ ವಿಷಯದಲ್ಲಂತೂ ಅವಧಿ ಇನ್ನೂ ಚಿಕ್ಕದು. ಅವುಗಳ ಮೈಯಲ್ಲಿ ಕೂಡಿಟ್ಟ ಕೊಬ್ಬು ಅಲ್ಪ.

ಬಾಯಿ ಬಿಚ್ಚಿ ಬಲವಂತವಾಗಿ ತುರುಕುವುದನ್ನು ಮಾತ್ರ ಯಾರೂ ಮನೆಯಲ್ಲಿ ಮಾಡಬಾರದು. ಹಾವಿನ ದವಡೆ ಸೂಕ್ಷ್ಮ ಮೂಳೆಗಳ ಜೋಡಣೆ. ಒತ್ತಿದರೆ ಮುರಿಯುತ್ತದೆ, ಗಂಟಲು ಹರಿಯುತ್ತದೆ. ಉಳಿದರೂ ಆ ಭಯ ನೆಲೆನಿಂತು, ಮುಂದೆ ಆಹಾರವನ್ನು ಕಂಡರೇ ಅದು ಹಿಂಜರಿಯುತ್ತದೆ. ಬೇರೆ ದಾರಿಯೇ ಇಲ್ಲದಾಗ ವೈದ್ಯರು ನಾಳದ ಮೂಲಕ ಪಥ್ಯ ಕೊಟ್ಟಾರು; ಅದು ಅವರ ಕೈಯ ಕೆಲಸ.

ಉಣ್ಣದ ಹಾವು ಮಾತಾಡಲಾರದು. ಉಪವಾಸವೇ ಅದರ ಮಾತು. ‘ಇಲ್ಲಿ ಚಳಿ’, ‘ಇಲ್ಲಿ ಮರೆಯಿಲ್ಲ’, ‘ಇದು ನನ್ನ ಆಹಾರವಲ್ಲ’, ‘ನನಗೆ ನೋವಾಗಿದೆ’ ಎಂಬುದರಲ್ಲಿ ಯಾವುದೋ ಒಂದನ್ನು ಅದು ಹೇಳುತ್ತಿರುತ್ತದೆ. ನಮ್ಮ ನೆಲದ ಹಾವಾದರೆ ಅದಕ್ಕೆ ಹೇಳಲಿರುವುದು ಒಂದೇ ಮಾತು: ‘ನನ್ನನ್ನು ಬಿಟ್ಟುಬಿಡಿ.’ ಬರುವ ಮಳೆಗಾಲದಲ್ಲಿ ವಿಜಯನಗರದ ಯಾವುದೋ ಮನೆಯ ಬಚ್ಚಲಲ್ಲಿ ಅಂಗೈಯಗಲದ ಸುರುಳಿಯೊಂದು ಕಂಡಾಗ ಮನೆಯವರು ಹಾಲಿನ ಪಾತ್ರೆಯನ್ನು ಒಲೆಯ ಮೇಲೆಯೇ ಬಿಟ್ಟು, ೧೯೨೬ಕ್ಕೆ ಕರೆ ಮಾಡಿದರೆ ಸಾಕು. ಆ ಮರಿ ತನ್ನ ಊಟವನ್ನು ತಾನೇ ಹುಡುಕಿಕೊಳ್ಳುತ್ತದೆ.